ಹಿಗ್ಗಿದ ಬಳೆ, ಹಿಗ್ಗದ ನರ

ಜನವರಿ ತಿಂಗಳ ಒಂದು ಮಂಗಳವಾರ, ಸಂಕ್ರಮಣ ಮುಗಿದ ಮರುವಾರ. ಬೆಳಗಿನ ಆರೂವರೆ. ಸ್ಥಳ, ವಿಜಯಪುರದ ಅಥಣಿ ರಸ್ತೆಯಲ್ಲಿರುವ ನನ್ನ ಮನೆ. ಹಾಜರಿದ್ದವರು ನಾನು, ನನ್ನ ತಂಗಿ, ನನ್ನ ತಮ್ಮ.

ಹೀಗೆ ಶುರು ಮಾಡುವುದು ನನಗೆ ರೂಢಿಯಾಗಿಬಿಟ್ಟಿದೆ. ಇದೇ ಊರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ, ಶರೀರಕ್ರಿಯಾ ವಿಭಾಗದ ಪ್ರಯೋಗಾಲಯದಲ್ಲಿ, ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು ನಾನು. ನಮ್ಮ ಮುಖ್ಯಸ್ಥರು ಬಹಳ ಕಟ್ಟುನಿಟ್ಟಿನವರು. ಪ್ರಯೋಗ ಬರೆಯುವಾಗ ಮೊದಲು ದಿನ, ವೇಳೆ, ಯಾರು ಯಾರು ಹಾಜರಿದ್ದರು. ಕೊನೆಗೆ ಆ ದಿನ ಮುಗಿಸಿದ ಕಡೆಯ ಕೆಲಸ. ನಡುವೆ ಕಂಡದ್ದನ್ನು ಮಾತ್ರ ಬರೆಯಿರಿ, ಅನಿಸಿದ್ದನ್ನು ಮನೆಗೆ ಒಯ್ಯಿರಿ ಎನ್ನುತ್ತಿದ್ದರು. ಆ ಮಂಗಳವಾರವನ್ನೂ ಹಾಗೆಯೇ ಬರೆಯಲು ನೋಡುತ್ತೇನೆ. ಆದರೆ ಆ ದಿನ ಅನಿಸಿದ್ದನ್ನು ಒಯ್ಯಲು ಬೇರೆ ಮನೆ ಇರಲಿಲ್ಲ.

ತಂಗಿ, ತಮ್ಮ ಅವಳಿ. ಐವತ್ತು ದಾಟಿದ್ದಾರೆ. ನಾನು ಅವರಿಗಿಂತ ಹನ್ನೆರಡು ವರ್ಷ ದೊಡ್ಡವಳು. ಒಂದನ್ನು ಬೆನ್ನಿಗೆ ಕಟ್ಟಿಕೊಂಡು, ಇನ್ನೊಂದನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು. ತಮ್ಮ ಬಬಲೇಶ್ವರದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದಾನೆ. ತಂಗಿಯನ್ನು ತಿಕೋಟಾಕ್ಕೆ ಕೊಟ್ಟಿದೆ. ಅಲ್ಲಿ ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಹಿಂಡಿ ಕುಟ್ಟಿ ಮಾರುತ್ತಾಳೆ. ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಅವಳ ಕೈಯಲ್ಲಿ ಚೆನ್ನಾಗಿ ಆಗುತ್ತವೆ. ಅಗಸಿಯಂತೂ ಕೇಳಬೇಡಿ.

ಆ ದಿನ ಅವಳ ಹೃದಯದ ಆಂಜಿಯೋಗ್ರಾಂ ಇತ್ತು. ಹಿಂದಿನ ಸಂಜೆಯೇ ಅವಳು ನನ್ನ ಮನೆಗೆ ಬಂದಿದ್ದಳು. ಬೆಳಿಗ್ಗೆ ನೀರನ್ನೂ ಕುಡಿಯದೆ ಕೂತಿದ್ದಳು. ತಮ್ಮ ಮೊದಲ ಬಸ್ಸಿಗೆ ಬಂದ, ಕೈಯಲ್ಲಿ ಬಟ್ಟೆ ತುಂಬಿದ ದೊಡ್ಡ ಚೀಲ.

“ಯಾಕೋ, ನೀನೂ ಅಡ್ಮಿಟ್ ಆಗಾಂವೇನು?” ಎಂದೆ.

“ಅಕಿಗಿ ಸ್ಪ್ರಿಂಗ್ ಹಾಕಿದ್ರ ರಾತ್ರಿ ಯಾರರ ಕೂಡಬೇಕಲ್ಲಕ್ಕಾ? ಅನುಭವ ಇದ್ದಾಂವ ನಾ ಒಬ್ಬನ.”

ಹೃದಯದ ನಾಳದೊಳಗೆ ಇಡುವ ಜಾಲರಿ ನಳಿಗೆಗೆ ನಮ್ಮ ಕಡೆ ಸ್ಪ್ರಿಂಗ್ ಎನ್ನುತ್ತಾರೆ. ಎರಡು ವರ್ಷದ ಹಿಂದೆ ನನ್ನ ತಮ್ಮ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದ. ದೊಡ್ಡ ನಾಳ ಒಂದು ಕಟ್ಟಿತ್ತು, ಅಲ್ಲಿ ಸ್ಪ್ರಿಂಗ್ ಹಾಕಿದರು, ಎದ್ದು ಮನೆಗೆ ಬಂದ. ಅಂದಿನಿಂದ ಅವನಿಗೆ ಯಾರೂ ಒಂದು ಕೊಡ ನೀರು ಎತ್ತಗೊಡುವುದಿಲ್ಲ.

“ಅನುಭವಸ್ಥ!” ಎಂದಳು ತಂಗಿ. “ಸ್ಪ್ರಿಂಗ್ ಹಾಕಿಸಿಕೊಂಡು ಓಣಿ ತುಂಬ ಕೈಯಾಗಿನ ತೂತು ತೋರಿಸಿಕೋತ ತಿರಗ್ಯಾನಕ್ಕಾ. ಹುಟ್ಟೂದ್ರಾಗೂ ಹಂಗ, ತಾನ ಮೊದಲ ಅಂತ ಓಡಿ ಬಂದಾನ.”

“ಮೊದಲ ಬಂದ್ನೆಲ್ಲ, ಅಣ್ಣಾ ಅನ್ನು ಬೇ.”

“ಹೊರಗ ಹೆಂಗೈತಿ ನೋಡಿ ಬಾ ಅಂತ ನಾನ ಕಳಿಸಿದ್ನೆಲೇ. ತಿರುಗಿ ಬಂದು ಹೇಳಲಿಲ್ಲ ನೀ.”

ಇಬ್ಬರೂ ನಕ್ಕರು. ಇವರು ನಕ್ಕಾಗ ಮುಖ ಒಂದೇ.

ತಂಗಿಯ ನೋವಿನ ಬಗ್ಗೆ ಕಂಡದ್ದು, ಕೇಳಿದ್ದು ಇಷ್ಟು. ಒಂದೂವರೆ ವರ್ಷದಿಂದ ಅವಳಿಗೆ ಎದೆ ಹಿಂಡಿದ ಹಾಗೆ ಆಗುತ್ತದೆ. ನೋವು ದವಡೆಗೆ ಏರುತ್ತದೆ, ಒಮ್ಮೊಮ್ಮೆ ಬೆನ್ನಿಗೆ ಇಳಿಯುತ್ತದೆ. ಕೆಲಸ ಮಾಡುವಾಗ ಬರುತ್ತದೆ. ಕೆಲಸ ಮುಗಿಸಿ ಸುಮ್ಮನೆ ಕೂತಾಗಲೂ ಬರುತ್ತದೆ. ಅವಳು ಅದನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿದಳು: “ನರ ಬಿಗೀತಾವ.” ನಮ್ಮಲ್ಲಿ ರಕ್ತ ಹರಿಯುವುದೂ ನರ, ನೋವು ತಿಳಿಸುವುದೂ ನರ, ಕೈ ಜಾಡಿಸಿದಾಗ ಹಿಡಿದುಕೊಳ್ಳುವುದೂ ನರ. ಕೇಳಿದವರು ಅವಳ ಕೈ ನೋಡಿದರು. ದಿನಾ ರೊಟ್ಟಿ ಬಡಿಯುವ ಕೈ. ಭುಜದ ನರ ಹಿಡಿದಿದೆ ಎಂದು ಮುಲಾಮು ಕೊಟ್ಟರು, ಶಕ್ತಿಯ ಗುಳಿಗೆ ಕೊಟ್ಟರು. ಇಸಿಜಿ ತೆಗೆದಾಗ ನೋವು ಇರಲಿಲ್ಲ, ಗೆರೆಯೂ ಸರಿ ಇತ್ತು. ಅವಳ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಮೇಲಿಂದ ಮೇಲೆ ಏನೂ ಇಲ್ಲ ಎಂದು ಬಂದಾಗ, ನೋವು ಎಂದು ಅವಳು ಕೂತಲ್ಲಿ ಉಳಿದವರ ಕಣ್ಣು ಗಡಿಯಾರದ ಕಡೆ, ರೊಟ್ಟಿ ಒಯ್ಯಲು ಬರುವವರ ಕಡೆ ಹೋಗುತ್ತಿತ್ತು. ಅದನ್ನು ಅವಳು ನೋಡುತ್ತಿದ್ದಳು.

ಅವಳನ್ನು ಆಂಜಿಯೋಗ್ರಾಂವರೆಗೆ ತಂದದ್ದು ತಮ್ಮನ ಒಂದು ತಪ್ಪು. ಅವಳಿ ಮಕ್ಕಳಿಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೂ ಕೊಡಬೇಕು. ಒಂದಕ್ಕೆ ಜ್ವರ ಬಂದು ಕಷಾಯ ಕಾಸಿದರೆ ಅವ್ವ ಚೆನ್ನಾಗಿ ಆಡುತ್ತಿದ್ದ ಇನ್ನೊಂದನ್ನೂ ಹಿಡಿದು ತಂದು ಮೂಗು ಒತ್ತಿ ಕುಡಿಸುತ್ತಿದ್ದಳು. ಇಲ್ಲದಿದ್ದರೆ ಒಂದರ ಬ್ಯಾನಿ ಇನ್ನೊಂದಕ್ಕೆ ಹಾಯುತ್ತದೆ ಎಂದು ಅವಳ ನಂಬಿಕೆ. ಅವ್ವ ತೀರಿಕೊಂಡ ಮೇಲೂ ಇವರಿಬ್ಬರು ಅದನ್ನು ಬಿಟ್ಟಿಲ್ಲ. ದೀಪಾವಳಿಗೆ ತಂಗಿ ಬಬಲೇಶ್ವರಕ್ಕೆ ಹೋಗಿದ್ದಾಗ ನೋವು ಬಂತು. ತಮ್ಮ ಹಿಂದೆಮುಂದೆ ನೋಡದೆ, ತನಗೆ ಎದೆ ನೋವು ಬಂದರೆ ಇಟ್ಟುಕೊಳ್ಳಲು ಕೊಟ್ಟಿದ್ದ ಗುಳಿಗೆಯನ್ನು ತೆಗೆದು ಅವಳ ನಾಲಿಗೆಯ ಕೆಳಗೆ ಇಟ್ಟ. ಕೂತು ಇಟ್ಟುಕೊಳ್ಳಬೇಕಾದದ್ದನ್ನು ಅವಳು ನಿಂತೇ ಇಟ್ಟುಕೊಂಡಳು. ರಕ್ತದ ಒತ್ತಡ ಇಳಿದು ಅಂಗಳದಲ್ಲೇ ಬಿದ್ದಳು. ಗಾಬರಿಯಾಗಿ ವಿಜಯಪುರಕ್ಕೆ ತಂದರು. ಇಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಪರೀಕ್ಷೆ ಮಾಡಿದಾಗ ಇಸಿಜಿ ಗೆರೆಯಲ್ಲಿ ಏನೋ ವ್ಯತ್ಯಾಸ ಕಂಡಿತು. ಆಂಜಿಯೋಗ್ರಾಂ ಮಾಡಿ ನೋಡೋಣ ಎಂದು ಡಾಕ್ಟರು ಹೇಳಿದರು.

ತಂಗಿಗೆ ಅದು ಹೆದರಿಕೆಯ ಮಾತಾಗಲಿಲ್ಲ. ಹಿಂದಿನ ಸಂಜೆ ಚಹಾ ಕುಡಿಯುತ್ತ ನನಗೆ ಮೆಲ್ಲಗೆ ಹೇಳಿದ್ದಳು: “ಅಕ್ಕಾ, ಏನರ ಸಿಗಲಿ ಅಂತ ಹರಕಿ ಹೊತ್ತೇನಿ. ಇಷ್ಟ ಇರಲಿ, ಇಷ್ಟss ಕಟ್ಟಿರಲಿ. ಸಿಕ್ಕರ ಮನಿಯವರಿಗೆ ತೋರಿಸಬಹುದಲ್ಲ.”

ಎಂಟು ಗಂಟೆಗೆ ದವಾಖಾನೆ ಮುಟ್ಟಿದೆವು. ಮಣಿಕಟ್ಟಿನ ನಾಳದಿಂದ ತಂತಿ ಹಾಕುತ್ತಾರೆ. ಆದ್ದರಿಂದ ಬಲಗೈ ಬರಿದಾಗಿರಬೇಕು. ತಂಗಿ ತಾಳಿ, ಕಿವಿಯವು, ಕಾಲುಂಗುರ ತೆಗೆದು ನನ್ನ ಕೈಗೆ ಕೊಟ್ಟಳು. ಬಳೆ ಮಾತ್ರ ಬರಲಿಲ್ಲ. ಸಂಕ್ರಮಣಕ್ಕೆ ತೊಡಿಸಿಕೊಂಡ ಹಸಿರು ಗಾಜಿನ ಬಳೆ. ರೊಟ್ಟಿ ಬಡಿದು ಬಡಿದು ಅವಳ ಅಂಗೈ ದಪ್ಪಗಾಗಿತ್ತು. ಸಾಬೂನು ಹಚ್ಚಿ ನೋಡಿದೆವು.

“ಟೈಮ್ ಆಗೇತಿ ಅಮ್ಮಾರ, ಒಡೀಲೇನ್ರಿ?” ಎಂದಳು ನರ್ಸ್ ಹುಡುಗಿ, ಕತ್ತರಿಯ ಹಿಡಿಕೆ ಎತ್ತಿ.

“ಅಯ್ಯ, ಒಡೀಲಿ ಅನಬ್ಯಾಡವ್ವಾ! ಗಂಡ ಜೀವಂತ ಅದಾನ. ಹಿಗ್ಗಸಲೇನು ಅನ್ನು.”

ಹುಡುಗಿ ನಕ್ಕಳು. “ಆತ್ರಿ, ಹಿಗ್ಗಸ್ತೇನಿ.” ಬಟ್ಟೆ ಸುತ್ತಿ ಮೆಲ್ಲಗೆ ಬಡಿದಳು. ಬಳೆ ಹಿಗ್ಗಿದವು. ನಮ್ಮಲ್ಲಿ ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹಿಗ್ಗುತ್ತದೆ. ಚೂರುಗಳನ್ನು ನಾನು ಕಾಗದದಲ್ಲಿ ಕಟ್ಟಿ ಚೀಲದಲ್ಲಿ ಇಟ್ಟೆ.

ಅವಳನ್ನು ಒಳಗೆ ಒಯ್ದರು. ನಾವಿಬ್ಬರು ಹೊರಗೆ ಬೆಂಚಿನ ಮೇಲೆ ಕೂತೆವು. ಹಿಗ್ಗುವುದು ಎಂಬ ಆ ಮಾತು ನನ್ನನ್ನು ಹಳೆಯ ಪ್ರಯೋಗಾಲಯಕ್ಕೆ ಒಯ್ದಿತು. ಅಲ್ಲಿ ನಾನು ದಿನವಿಡೀ ಕಾಯುತ್ತಿದ್ದದ್ದು ನರ ಹಿಗ್ಗುವುದನ್ನೇ.

ಕೆಲಸ ಹೀಗಿತ್ತು. ಇಲಿಯ ಎದೆಯ ದೊಡ್ಡ ರಕ್ತನಾಳವನ್ನು ಸಣ್ಣ ಸಣ್ಣ ಉಂಗುರಗಳಾಗಿ ಕತ್ತರಿಸುವುದು. ಒಂದೊಂದು ಉಂಗುರವನ್ನು ಎರಡು ಕೊಕ್ಕೆಗಳ ನಡುವೆ ತೂಗುಹಾಕಿ, ಮೈಬಿಸಿಯಷ್ಟೇ ಬೆಚ್ಚಗಿರುವ ಉಪ್ಪುನೀರಿನಲ್ಲಿ ಮುಳುಗಿಸುವುದು. ಕೆಳಗಿನಿಂದ ಗಾಳಿಯ ಗುಳ್ಳೆ ಬಿಡುವುದು. ಆ ಉಂಗುರ ಗಂಟೆಗಟ್ಟಲೆ ಬದುಕಿರುತ್ತದೆ. ಒಂದು ಔಷಧದ ಹನಿ ಬಿಟ್ಟರೆ ಬಿಗಿಯುತ್ತದೆ, ಕೊಕ್ಕೆಗೆ ಜೋಡಿಸಿದ ಯಂತ್ರ ಎಳೆಯುವ ಗೆರೆ ಏರುತ್ತದೆ. ಇನ್ನೊಂದರ ಹನಿ ಬಿಟ್ಟರೆ ಹಿಗ್ಗುತ್ತದೆ, ಗೆರೆ ಇಳಿಯುತ್ತದೆ. ಉಂಗುರದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಪದರ ಇರುತ್ತದೆ. ಕತ್ತರಿಸುವಾಗ ಕೈ ಒರಟಾಗಿ ಆ ಪದರ ಉಜ್ಜಿಹೋದರೆ ಉಂಗುರ ಬಿಗಿಯುವುದನ್ನು ಬಲ್ಲದು, ಹಿಗ್ಗುವುದನ್ನು ಮರೆಯುತ್ತದೆ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಒಬ್ಬ ಸಂಶೋಧಕಿ ಬಂದಳು. ಗಿಡಗಳಲ್ಲಿ, ಕಾಳುಗಳಲ್ಲಿ ಹೆಣ್ಣಿನ ಹಾರ್ಮೋನಿನ ಹಾಗೆಯೇ ಸೋಗು ಹಾಕುವ ಕೆಲವು ವಸ್ತುಗಳಿವೆ, ಸೋಯಾದಲ್ಲಿವೆ, ಅಗಸಿಯಲ್ಲಿ ಬಹಳ ಇವೆ ಎಂದಳು. ಅಗಸಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಆ ವಸ್ತುವಿನ ಹನಿ ಬಿಟ್ಟು ಗಂಡಿಲಿ, ಹೆಣ್ಣಿಲಿಗಳ ಉಂಗುರಗಳನ್ನು ಜೋಡಿಯಾಗಿ ನೋಡಿದೆವು. ಹೆಣ್ಣಿನ ಉಂಗುರ ಸಣ್ಣ ಹನಿಗೇ ಹಿಗ್ಗಿತು. ಗಂಡಿನದಕ್ಕೆ ಹೆಚ್ಚು ಬೇಕಾಯಿತು. ಒಂದೇ ನೀರು, ಒಂದೇ ಬಿಸಿ, ಒಂದೇ ವಸ್ತು. ಗೆರೆಗಳು ಬೇರೆ ಬೇರೆ ಇಳಿದವು. ಮೂರನೆಯ ಗುಂಪು ಎಳೆಯ ವಯಸ್ಸಿನಲ್ಲೇ ಅಂಡಾಶಯ ತೆಗೆದ ಹೆಣ್ಣಿಲಿಗಳದ್ದು. ಅವುಗಳ ಉಂಗುರ ಹೆಣ್ಣಿನ ಹಾಗೆಯೂ ಹಿಗ್ಗಲಿಲ್ಲ, ಗಂಡಿನ ಹಾಗೆಯೂ ಹಿಗ್ಗಲಿಲ್ಲ. ಸ್ವಲ್ಪ ಇಳಿದು ಗೆರೆ ಅಲ್ಲೇ ನಿಲ್ಲುತ್ತಿತ್ತು. ನಾನು ಗೆರೆಯ ಮುಂದೆ ಕೂತು ಕಾಯುತ್ತಿದ್ದೆ. ಸಂಶೋಧಕಿ “ಬರಕೊಳ್ರಿ ಮೇಡಂ, ಇಷ್ಟ ಇದು” ಎನ್ನುತ್ತಿದ್ದಳು.

ನಮ್ಮ ಆ ಒಂದು ಕೋಣೆಯಲ್ಲಿ ಕಂಡದ್ದು ಅಷ್ಟು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಅಂಟಿಸಬೇಡಿ ಎಂದು ಮುಖ್ಯಸ್ಥರು ಗದರಿಸಿದ್ದರು. ಆದರೂ ಒಮ್ಮೆ ತಂಗಿಯ ಮನೆಗೆ ಹೋದಾಗ, ನಿನ್ನ ಅಗಸಿಯ ಮೇಲೆ ನಮ್ಮಲ್ಲಿ ಪ್ರಯೋಗ ನಡೆದಿದೆ ನೋಡು ಎಂದು ತಮಾಷೆಗೆ ಅಂದೆ. ಸಾಕಾಯಿತು. ಮುಂದಿನ ಸಲ ಹೋದಾಗ ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳು: “ಅಗಸಿ ಹಿಂಡಿ ಒಯ್ರಿ ಬಾಯಾರ. ನಮ್ಮಕ್ಕ ಕಣ್ಣಾರೆ ನೋಡ್ಯಾಳ. ಹೆಣ್ಣಮಕ್ಕಳ ನರಕ್ಕ ಭಾಳ ಚಲೋ. ಗಂಡಸರಿಗೆ ಅಷ್ಟs, ಅವರಿಗೆ ಶೇಂಗಾ ಒಯ್ರಿ.”

ಬೆಂಚಿನ ಮೇಲೆ ಪಕ್ಕದಲ್ಲಿ ತಮ್ಮ ಕಾಲು ಅಲ್ಲಾಡಿಸುತ್ತಿದ್ದ. “ಅಕ್ಕಾ, ಒಂದ ಹೊಟ್ಟ್ಯಾಗ ಬಂದೇವಿ. ನನ್ನ ನರ ಎಲ್ಲಿ ಕಟ್ಟಿತ್ತೋ ಅಕಿದೂ ಅಲ್ಲೇ ಕಟ್ಟಿರತೈತಿ ನೋಡು. ಡಾಕ್ಟರಿಗೆ ಸೀದಾ ಅಲ್ಲೇ ನೋಡ್ರಿ ಅಂತ ಹೇಳಿದ್ರ ಟೈಮ್ ಉಳೀತಿತ್ತು.”

“ಸುಮ್ನ ಕುಂದ್ರೋ,” ಎಂದೆ.

ಹೆಚ್ಚು ಹೊತ್ತು ಆಗಲಿಲ್ಲ. ನಮ್ಮನ್ನು ಕರೆದರು. ಡಾಕ್ಟರು ಪರದೆಯ ಮೇಲೆ ಚಿತ್ರ ಓಡಿಸಿ ತೋರಿಸಿದರು. ತಂಗಿಯ ಹೃದಯದ ನಾಳಗಳು ಕಪ್ಪಗೆ, ನುಣ್ಣಗೆ, ಎಲೆ ಉದುರಿದ ಬೇವಿನ ಟೊಂಗೆಯ ಹಾಗೆ ಹರಡಿದ್ದವು. ಎಲ್ಲಿಯೂ ಗಂಟಿಲ್ಲ, ಕಿರಿದಾಗಿಲ್ಲ.

“ಎಲ್ಲ ಸ್ವಚ್ಛ ಅದಾವ್ರಿ. ಬ್ಲಾಕ್ ಇಲ್ಲ.”

ತಮ್ಮನ ಮುಖ ಅರಳಿತು. ಕೂಡಲೇ ಮುದುಡಿತು. “ಹಂಗಾರ ಸ್ಪ್ರಿಂಗ್?”

“ಬ್ಲಾಕ್ ಇಲ್ಲದ ಕಡೆ ಸ್ಪ್ರಿಂಗ್ ಯಾಕ್ರಿ?”

“ನಾವು ಅವಳಿ ಅದೇವ್ರಿ ಸಾಹೇಬ್ರ. ನನಗ ಹಾಕ್ಯಾರ, ನಾ ಆರಾಮ ಆಗೇನಿ. ಅಕಿಗೂ ಒಂದು ಸಣ್ಣದು ಹಾಕಿ ಬಿಡ್ರಿ.”

ಡಾಕ್ಟರು ನಗಲಿಲ್ಲ. ಅದಕ್ಕೆ ನಾನು ಇಂದಿಗೂ ಅವರನ್ನು ನೆನೆಯುತ್ತೇನೆ. ನನ್ನ ಕಡೆ ತಿರುಗಿ, ಈ ಚಿತ್ರದಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ, ಕೂದಲೆಳೆಯಂಥವು ಕಾಣುವುದಿಲ್ಲ ಎಂದರು. ಆ ಸಣ್ಣವು ಬೇಕಾದಾಗ ಹಿಗ್ಗದೆ ಬಿಗಿದುಕೊಂಡರೂ ಇಂಥದೇ ನೋವು ಬರುತ್ತದೆ. ಹೆಂಗಸರಲ್ಲಿ ಇದು ಹೆಚ್ಚು ಕಾಣುತ್ತದೆ. ನೋವು ಸುಳ್ಳಲ್ಲ. ಆದರೆ ಅದನ್ನು ಅಳೆದು ತೋರಿಸುವ ಪರೀಕ್ಷೆ ಇಲ್ಲಿ ಇಲ್ಲ; ದೊಡ್ಡ ಊರುಗಳಲ್ಲೂ ಎಲ್ಲ ಕಡೆ ಮಾಡುವುದಿಲ್ಲ. ಸದ್ಯಕ್ಕೆ ಗುಳಿಗೆ ಬರೆಯುತ್ತೇನೆ, ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಬದಲಿಸಿ ನೋಡೋಣ ಎಂದರು. ಆಮೇಲೆ ಕೇಳಿದರು:

“ಇವರಿಗೆ ಮುಟ್ಟು ಯಾವಾಗ ನಿಂತಿತ್ರಿ?”

“ಭಾಳ ಹಿಂದ,” ಎಂದೆ. “ಮೂವತ್ತೈದರ ಆಸುಪಾಸು. ಗರ್ಭಕೋಶ ತಗಸ್ಯಾಳ.”

“ಅಂಡಾಶಯ ಉಳಿಸ್ಯಾರೋ, ಅವನ್ನೂ ತಗದಾರೋ?”

ನಮ್ಮ ಕಡೆ ಗರ್ಭಕೋಶ ತೆಗೆಸುವುದಕ್ಕೆ ಚೀಲ ತೆಗೆಸುವುದು ಎನ್ನುತ್ತಾರೆ. ಓಣಿಗೆ ಇಬ್ಬರಾದರೂ ಚೀಲ ತೆಗೆಸಿದವರು ಸಿಗುತ್ತಾರೆ. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ, ಮಕ್ಕಳಾಗಿವೆ, ಇನ್ನು ಚೀಲ ಯಾಕೆ ಎಂದು ತೆಗೆಸಿಬಿಡುತ್ತಾರೆ. ತಂಗಿಯದೂ ಹಾಗೆಯೇ ಆಗಿತ್ತು, ನನಗೆ ಗೊತ್ತಾದದ್ದು ತೆಗೆಸಿದ ಮೇಲೆ. ಚೀಲ ಎಂಬ ಆ ಒಂದು ಶಬ್ದದೊಳಗೆ ಏನೇನು ಹೋಯಿತು ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಗೆರೆಯ ಮುಂದೆ ಕೂತು ಮೂರನೆಯ ಗುಂಪಿನ ಉಂಗುರಗಳನ್ನು ಕಾದಿದ್ದ ನಾನೂ ಕೇಳಿರಲಿಲ್ಲ. ಚೀಲ ಎಂದರೆ ಚೀಲ ಎಂದೇ ನನ್ನ ಕಿವಿಯೂ ಅಂದುಕೊಂಡಿತ್ತು.

ತಂಗಿಯನ್ನೇ ಕೇಳಿದೆವು. ಅವಳು ಮಂಚದ ಮೇಲೆ, ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು.

“ಚೀಲ ತಗದ್ರಕ್ಕಾ. ಅದರಾಗ ಏನೇನಿತ್ತೋ ನಾ ಹಣಿಕಿ ನೋಡೀನೇನು?”

“ಕಾಗದ ಏನರ ಕೊಟ್ಟಿದ್ರೇನು?”

“ಮನಿ ಸೋರಿದಾಗ ಎಲ್ಲಾ ತೊಯ್ದು ಮುದ್ದಿ ಆತು.”

ತಿಕೋಟಾಕ್ಕೆ, ಅವಳ ಗಂಡನಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯ. ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾರೆ. ಆಗ ಆಪರೇಷನ್ ಮಾಡಿದವರು ಏನು ಹೇಳಿದ್ದರು ಎಂದು ಕೇಳಿದೆ.

“ಹೇಳಲಿಲ್ರಿ ಅಕ್ಕಾರ. ತಗದದ್ದನ್ನ ಒಂದು ತಾಟಿನ್ಯಾಗ ಇಟ್ಟಕೊಂಡು ಹೊರಗ ತಂದ್ರು. ನೋಡ್ರಿ, ಇದs ನೋಡ್ರಿ ಅಂದ್ರು. ನಾ ಕಣ್ಣ ಮುಚ್ಚಿಕೊಂಡ್ನಿ. ನೋಡೇನ್ರಿ ಅಂತ ಸಹಿ ಮಾಡಿ ಕೊಟ್ನಿ.” ಮತ್ತೆ ಕೂಡಲೇ: “ಯಾಕ್ರಿ, ಏನಾತು? ಅಕಿ ಆರಾಮ ಅದಾಳಲ್ಲ?”

“ಅದಾಳ. ದೊಡ್ಡ ನರ ಸ್ವಚ್ಛ ಅದಾವ ಅಂದಾರ.”

ಆ ಕಡೆಯಿಂದ ಬಂದ ಉಸಿರು ಅಳುವಿನ ಹಾಗೆ ಇತ್ತು. “ಏನೂ ಇಲ್ಲ? ದೇವರು ದೊಡ್ಡಾಂವ್ರಿ ಅಕ್ಕಾರ. ಏನೂ ಇಲ್ಲ ಅಂದ್ರಲ್ಲ!”

ನಾನು ದೊಡ್ಡ ನರ ಎಂದು ಹೇಳಿದ್ದೆ. ಅವರು ದೊಡ್ಡ ಎಂಬುದನ್ನು ಬಿಟ್ಟು ಕೇಳಿಸಿಕೊಂಡಿದ್ದರು. ಸಣ್ಣ ನರಗಳ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನನ್ನು ಮನೆಯವರಿಗೆ ಕೊಟ್ಟಾಗಿತ್ತು. ಮನೆಯವರು ನೆರೆಯವರಿಗೆ ಕೂಗಿ ಹೇಳುತ್ತಿದ್ದುದು ನನಗೇ ಕೇಳುತ್ತಿತ್ತು.

ಡಾಕ್ಟರ ಬಳಿಗೆ ಹೋಗಿ, ಗೊತ್ತಿಲ್ಲ ಎಂದೆ. ಹೊಟ್ಟೆಯ ಸ್ಕ್ಯಾನ್ ಮಾಡಿದರೆ ತಿಳಿದೀತು ಎಂದರು.

“ತಿಳಿದರ ಏನ ಮಾಡತೀರಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಸರಿಯಾದ ಪ್ರಶ್ನಿ. ಇಷ್ಟು ವರ್ಷ ಆದ ಮ್ಯಾಲ, ಎದಿ ಬ್ಯಾನಿಗೆ ಅಂತ ಹಾರ್ಮೋನ್ ಗುಳಿಗಿ ನಾವು ಶುರು ಮಾಡಂಗಿಲ್ರಿ. ಲಾಭಕ್ಕಿಂತ ಅಪಾಯ ಹೆಚ್ಚು. ತಿಳಕೊಂಡಂಗ ಆಗತಿತ್ತು, ಅಷ್ಟ.”

ನನ್ನ ಉದ್ಯೋಗವಿಡೀ ತಿಳಿದುಕೊಳ್ಳುವುದೇ ಆಗಿತ್ತು. ತಿಳಿದ ಮೇಲೆ ಬೇರೆಯವರು ಏನಾದರೂ ಮಾಡುತ್ತಾರೆ ಎಂದು ನಂಬಿಕೊಂಡಿದ್ದೆ. ಈಗ ಮಾಡಬೇಕಾದವರು ನನ್ನ ಎದುರಿಗೇ ಕೂತಿದ್ದರು, ಕನ್ನಡಕ ಒರೆಸುತ್ತಿದ್ದರು.

ಮಧ್ಯಾಹ್ನದ ಮೇಲೆ ಬಿಟ್ಟು ಕಳಿಸಿದರು. ಬಲಗೈಯಲ್ಲಿ ಭಾರ ಎತ್ತಬೇಡಿ, ರೊಟ್ಟಿ ಬಡಿಯಬೇಡಿ, ಮೂರು ದಿನ ಎಂದರು. ಮೂರು ದಿನದ ವಿಶ್ರಾಂತಿ, ಅದೂ ಮಣಿಕಟ್ಟಿನ ಸಣ್ಣ ತೂತಿಗೆ. ಕೊಟ್ಟ ಕಾಗದದ ಮೇಲೆ ‘ನಾರ್ಮಲ್’ ಎಂದಿತ್ತು. ಅದನ್ನು ತಮ್ಮ ಎರಡು ಸಲ ಓದಿಸಿಕೊಂಡ, ಹೊರಗೆ ಹೋಗಿ ಪೇಢೆ ತಂದ. ನರ್ಸ್ ಹುಡುಗಿಗೆ, ಕಾವಲಿನವನಿಗೆ, ಪಕ್ಕದ ಮಂಚದ ರೋಗಿಯ ಅವ್ವನಿಗೆ ಹಂಚಿದ. ತಂಗಿಯ ಬಾಯಿಗೂ ಒಂದು ಇಟ್ಟ.

“ನುಂಗು ಬೇ. ನಿನಗ ಏನೂ ಇಲ್ಲ. ಗೆದ್ದಿ.”

ಅವಳು ನುಂಗಿದಳು. ಕಣ್ಣಿನಿಂದ ನೀರು ಇಳಿಯಿತು. ಎಲ್ಲರೂ ಹಿಗ್ಗಿನ ನೀರು ಎಂದುಕೊಂಡರು. ನರ್ಸ್ ಹುಡುಗಿಯೂ ಕಣ್ಣು ಒರೆಸಿಕೊಂಡಳು.

ಆಟೋದಲ್ಲಿ ಮನೆಗೆ ಬರುವಾಗ ತಂಗಿ ನನ್ನ ಕಿವಿಯ ಹತ್ತಿರ ಕೇಳಿದಳು: “ಅಕ್ಕಾ, ಏನೂ ಇಲ್ಲ ಅಂದ್ರ, ಹಂಗಾರ ಇದು ಏನು?” ಎಡಗೈ ಎದೆಯ ಮೇಲೆ ಇತ್ತು.

“ಸಣ್ಣ ನರ,” ಎಂದೆ. “ಅವು ಫೋಟೋದಾಗ ಬರಂಗಿಲ್ಲ.”

“ಬರಂಗಿಲ್ಲ ಅಂದ್ರ ಅವರಿಗೆ ನಾ ಏನ ತೋರಿಸ್ಲಿ?”

ತಮ್ಮ ಮುಂದಿನ ಸೀಟಿನಲ್ಲಿ ಚಾಲಕನಿಗೆ ತನ್ನ ಸ್ಪ್ರಿಂಗಿನ ಕಥೆ ಹೇಳುತ್ತಿದ್ದ. ನಾನು ಅವಳ ತಾಳಿ, ಕಿವಿಯವು, ಕಾಲುಂಗುರ ಒಂದೊಂದಾಗಿ ತೆಗೆದು ಕೊಟ್ಟೆ. ಅವನ್ನು ಕೊಡುವುದಷ್ಟೇ ನನ್ನ ಕೈಯಲ್ಲಿತ್ತು.

ಮನೆ ಮುಟ್ಟಿದ ಮೇಲೆ ತಮ್ಮ ತನ್ನ ಚೀಲ ಎತ್ತಿಕೊಂಡು ಹೊರಟ. ಹೋಗುವ ಮುನ್ನ ಬಾಗಿಲಲ್ಲಿ ನಿಂತು, ಜೇಬಿನಿಂದ ನಾಲಿಗೆ ಕೆಳಗಿನ ಗುಳಿಗೆಯ ಡಬ್ಬಿ ತೆಗೆದ. ಒಮ್ಮೆ ಅದನ್ನು, ಒಮ್ಮೆ ತಂಗಿಯನ್ನು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ. “ಇದು ನಿನಗ ಆಗಂಗಿಲ್ಲಲ್ಲ ಬೇ,” ಎಂದ. ಅವಳಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂಬುದು ಅವನಿಗೆ ಆಗ ಹೊಳೆದಂತೆ ಕಂಡಿತು. ಹುಟ್ಟಿದಾಗಿನಿಂದ ಅಂಥ ದಿನ ಅವರಿಗೆ ಬಂದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ.

ಸಂಜೆ ತಿಕೋಟಾದಿಂದ ಫೋನ್ ಬಂತು. ಗಿರಾಕಿಗಳಾದ ಕನಮಡಿಯವರ ಮನೆಯಲ್ಲಿ ನಿಶ್ಚಿತಾರ್ಥ ಇದೆಯಂತೆ. ರೊಟ್ಟಿಗೆ, ಹಿಂಡಿಗೆ ಹೇಳಿ ಹೋಗಿದ್ದಾರಂತೆ. ದವಾಖಾನೆ ಎಂದು ಮನೆಯವರು ಆಗುವುದಿಲ್ಲ ಅನ್ನುವವರಿದ್ದರಂತೆ. ಏನೂ ಇಲ್ಲ ಎಂದು ಬಂತಲ್ಲ, ಅದಕ್ಕೆ ಹೂಂ ಅಂದರಂತೆ. ತಂಗಿಯ ಗಂಡ ಸಂತೋಷದಿಂದ ಹೇಳುತ್ತಿದ್ದರು. ಕೈ ಗುಣವಾಗುವವರೆಗೆ ರೊಟ್ಟಿ ಬಡಿಯಲು ಇಬ್ಬರನ್ನು ಗೊತ್ತು ಮಾಡಿದ್ದಾರಂತೆ. “ಅಕಿ ಬಂದು ಕುಂತರ ಸಾಕ್ರಿ ಅಕ್ಕಾರ, ಉಪ್ಪು ಖಾರ ಹೇಳಿಕೋತ.” ನಾನು ಸಣ್ಣ ನರಗಳ ವಿಷಯ ಈ ಸಲ ಪೂರ್ತಿ ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, “ಆದ್ರ ಕಾಗದದ ಮ್ಯಾಲ ನಾರ್ಮಲ್ ಅಂತ ಐತಲ್ರಿ?” ಎಂದರು. ಮೋಸದಿಂದ ಅಲ್ಲ, ಧೈರ್ಯಕ್ಕಾಗಿ ಕೇಳಿದರು. ಐತಿ ಎಂದೆ.

“ಅಗಸಿ ಹಿಂಡಿ ಇಲ್ಲೇ ಮಾಡಿಕೊಂಡು ಒಯ್ತೇನಿ,” ಎಂದಳು ತಂಗಿ. “ನನ್ನ ಕೈ ಬರಂಗಿಲ್ಲ. ನೀ ಕುಟ್ಟು, ನಾ ಹೇಳತೇನಿ.”

ಮಿಕ್ಸರ್ ತೆಗೆಯಲು ಹೋದೆ. ಅವಳು ಒಪ್ಪಲಿಲ್ಲ. ಮಿಕ್ಸರಿನಲ್ಲಿ ಅಗಸಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದಂತೆ. ಮೂಲೆಯಲ್ಲಿದ್ದ ಅವ್ವನ ಕಾಲದ ಒರಳುಕಲ್ಲನ್ನು ಒರೆಸಿಕೊಂಡೆ. ಅಗಸಿ ಹುರಿದೆ. ಚಟಪಟ ಸಿಡಿಯಲು ಹತ್ತಿದಾಗ ಅವಳು ದೂರದಿಂದಲೇ ಕಿವಿ ಕೊಟ್ಟು, “ಸಾಕು, ಇಳಸು. ಇನ್ನೊಂದ ಉಸರು ಬಿಟ್ರ ಕಹಿ ಆಕ್ಕೈತಿ,” ಎಂದಳು. ಜೀರಿಗೆ, ಬೆಳ್ಳುಳ್ಳಿ, ಖಾರ, ಉಪ್ಪು ಅವಳು ಹೇಳಿದಷ್ಟು ಹಾಕಿದೆ. ಕುಟ್ಟತೊಡಗಿದೆ.

“ಅಕ್ಕಾ, ನಾ ದಿನಾ ಇದನ್ನ ತಿಂತೇನಿ. ಹೆಣ್ಣಿನ ನರಕ್ಕ ಚಲೋ ಅಂತ ನೀನs ಹೇಳಿದ್ದಿ. ಮತ್ತ ನನ್ನವು ಯಾಕ ಹಿಗ್ಗವಲ್ವು?”

ನಾನು ಒನಕೆ ನಿಲ್ಲಿಸಿದೆ. ಮೂರನೆಯ ಗುಂಪಿನ ಗೆರೆ ಕಣ್ಣ ಮುಂದೆ ಬಂತು, ಸ್ವಲ್ಪ ಇಳಿದು ಅಲ್ಲೇ ನಿಂತದ್ದು. ಅದನ್ನು ಹೇಳಬಹುದಿತ್ತು. ಆದರೆ ಅದು ಇಲಿಯದು. ಅವಳ ಚೀಲದಲ್ಲಿ ಏನು ಹೋಯಿತು ಎಂಬುದು ನನಗೆ ಗೊತ್ತಿಲ್ಲ. ಗೊತ್ತಾದರೂ ಅವಳ ನರ ಹಿಗ್ಗುವುದಿಲ್ಲ.

“ಗೊತ್ತಿಲ್ಲವ್ವಾ,” ಎಂದೆ.

ಅವಳು ನನ್ನ ಮುಖ ನೋಡಿದಳು. ಅಕ್ಕನ ಬಾಯಿಂದ ಗೊತ್ತಿಲ್ಲ ಎಂಬ ಮಾತು ಅವಳು ಕೇಳಿದ್ದು ಕಡಿಮೆ. ಅಷ್ಟರಲ್ಲಿ ನೋವು ಬಂತು. ಮಾತು ನಿಂತಿತು, ಹುಬ್ಬು ಕೂಡಿದವು, ಎಡಗೈ ಎದೆಗೆ ಹೋಗಿ ಅಲ್ಲಿಂದ ದವಡೆಗೆ ಬಂತು. ಬಲಗೈ ಬರಿದಾಗಿ, ಪಟ್ಟಿ ಕಟ್ಟಿಕೊಂಡು ತೊಡೆಯ ಮೇಲೆ ಬಿದ್ದಿತ್ತು. ಹೊಸ ಗುಳಿಗೆ ಮರುದಿನ ಬೆಳಿಗ್ಗೆಯಿಂದ ಶುರು ಮಾಡಬೇಕಿತ್ತು. ನಾನು ನೀರು ತರಲು ಏಳಲಿಲ್ಲ, ನೀರಿನಿಂದ ಆಗುವುದಿಲ್ಲ ಎಂದು ಗೊತ್ತಿತ್ತು. ಕಲಿತ ರೂಢಿಯಂತೆ ನನ್ನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು, ಶುರುವಾದ ವೇಳೆ ನೋಡಿಕೊಳ್ಳಲು. ಅವಳು ಅದನ್ನು ನೋಡಿದಳು. ಅವಳ ಮನೆಯವರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತಲ್ಲ. ನಾನು ಕೂಡಲೇ ಕಣ್ಣು ಕಿತ್ತು, ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತು, ಬೆನ್ನಿನ ಮೇಲೆ ಕೈ ಇಟ್ಟೆ. ಒಳಗೆ ಬಿಗಿದುಕೊಂಡದ್ದು ನನ್ನ ಅಂಗೈಗೆ ತಿಳಿಯಲಿಲ್ಲ. ಸೀರೆಯ ಬಟ್ಟೆ, ಬೆವರು, ಉಸಿರಿನ ಏರಿಳಿತ, ಅಷ್ಟೇ. ಗೆರೆ ಇರಲಿಲ್ಲ. ಇಬ್ಬರೂ ಕಾದೆವು.

ನೋವು ತಾನಾಗಿ ಹೋಯಿತು. ಅವಳು ಉದ್ದಕ್ಕೆ ಉಸಿರು ಬಿಟ್ಟು, ಒರಳಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು.

“ಉಪ್ಪು ಕಡಿಮಿ ಐತಿ.”

ಉಪ್ಪು ಹಾಕಿದೆ. ಇನ್ನೊಮ್ಮೆ ಕುಟ್ಟಿದೆ. ಅವಳು ತಲೆ ಆಡಿಸಿದಳು. ಹಿಂಡಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿದೆ. ಬೆಳಗಿನ ಬಳೆ ಚೂರುಗಳ ಪೊಟ್ಟಣವನ್ನು ತುಳಸಿಯ ಬುಡದಲ್ಲಿ ಇಟ್ಟು ಬಂದೆ. ಒರಳು ತೊಳೆದು, ಬಟ್ಟೆಯಿಂದ ಒರೆಸಿ, ಒನಕೆಯನ್ನು ಗೋಡೆಗೆ ಆನಿಸಿ ಇಟ್ಟೆ.